ಕೇಳದೆ ಕೊಟ್ಟ ರಜೆ

ನನಗೆ ಬಣ್ಣದ ಪೆನ್ನುಗಳ ಹುಚ್ಚು. ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಗೋಡೆಗೆ ತೂಗುಹಾಕಿದ್ದ ನನ್ನ ಡ್ಯೂಟಿ ಚಾರ್ಟ್ ನೋಡಿದವರು ಯಾರೂ ಇದನ್ನು ಅಲ್ಲಗಳೆಯಲಾರರು. ಬೆಳಗಿನ ಪಾಳಿ ನೀಲಿ, ಮಧ್ಯಾಹ್ನದ ಪಾಳಿ ಹಸಿರು, ರಜೆ ಕೆಂಪು. ನಾಲ್ಕು ಯಂತ್ರ, ದಿನಕ್ಕೆ ಎರಡು ಪಾಳಿ, ಪಾಳಿಗೆ ನಾಲ್ಕು ತಾಸು. ವಾರಕ್ಕೆ ಎರಡೋ ಮೂರೋ ಸಲ ಬಂದು ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ರೋಗಿಗಳು. ಅವರನ್ನು ನೋಡಿಕೊಳ್ಳಲು ಇಬ್ಬರು ಟೆಕ್ನಿಷಿಯನ್ನರು, ಒಬ್ಬ ಹಿರಿಯ ನರ್ಸ್, ಮತ್ತು ಎಲ್ಲರ ಬೈಗುಳ ಕೇಳಲೆಂದೇ ಇರುವ ಇನ್‌ಚಾರ್ಜ್ ನಾನು.

ಆ ವರ್ಷ ಚಾರ್ಟಿಗೆ ಹೊಸದೊಂದು ಕಾಲಂ ಸೇರಿಸಿದೆ: ಹಬ್ಬ. ಯಾರಿಗೆ ಯಾವ ಹಬ್ಬಕ್ಕೆ ರಜೆ ಎಂದು ವರ್ಷದ ಮೊದಲೇ ಬರೆದಿಟ್ಟುಬಿಟ್ಟರೆ ಆಮೇಲೆ ಕೇಳುವ, ಬೇಡುವ, ಮುಖ ಗಂಟು ಹಾಕುವ ಪ್ರಸಂಗವೇ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಇದಕ್ಕೆ ನನ್ನದೇ ಕಾರಣವಿತ್ತು. ನಾನು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವಳು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದಾಗಲೂ ಕನ್ನಡ. ನಮ್ಮ ದುರ್ಗಾಪೂಜೆಯಲ್ಲಿ ಅಷ್ಟಮಿ ಮುಗಿದು ನವಮಿ ಹುಟ್ಟುವ ಸಂಧಿಯಲ್ಲಿ ಒಂದು ಪೂಜೆಯಿದೆ. ಒಂದು ತಾಸೂ ಹಿಡಿಯುವುದಿಲ್ಲ. ಆದರೆ ಒಂದು ವರ್ಷ ನಸುಕಿನಲ್ಲಿ ಬಂದರೆ ಇನ್ನೊಂದು ವರ್ಷ ನಡುಮಧ್ಯಾಹ್ನ ಬರುತ್ತದೆ. ಆಗ ನೂರೆಂಟು ದೀಪ ಹಚ್ಚಬೇಕು, ಹಚ್ಚುವ ಕೈಗಳಲ್ಲಿ ನನ್ನದೂ ಒಂದು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಇದನ್ನು ಹೇಳಿಕೊಂಡರೆ, "ದಸರಾಕ್ಕ ಎಲ್ಲಾರಿಗೂ ಎರಡು ದಿನ ರಜಾ ಕೊಟ್ಟೀವಿ. ನಿಮ್ಮದೇನು ಬ್ಯಾರೆ ದಸರಾ ಐತೇನು?" ಎಂದು ಕೇಳುತ್ತಿದ್ದರು. ಅವರು ಕೊಟ್ಟ ಎರಡು ದಿನ ಬರುವಷ್ಟರಲ್ಲಿ ನಮ್ಮ ದೀಪಗಳು ಆರಿರುತ್ತಿದ್ದವು. ನನ್ನ ಕೈಗೆ ಅಧಿಕಾರ ಬಂದರೆ ಯಾರಿಗೂ ಹೀಗಾಗಲು ಬಿಡುವುದಿಲ್ಲ ಎಂದುಕೊಂಡಿದ್ದೆ. ಅಧಿಕಾರ ಎಂದರೆ ಒಂದು ಚಾರ್ಟ್ ಮತ್ತು ಆರು ಪೆನ್ನು, ಅಷ್ಟೇ.

ಕಚೇರಿಯ ಫೈಲಿನಲ್ಲಿ ಎಲ್ಲರ ಅರ್ಜಿಗಳಿದ್ದವು, ಅರ್ಜಿಯಲ್ಲಿ ಧರ್ಮ ಎಂಬ ಸಾಲಿತ್ತು. ಅದನ್ನು ನೋಡಿ ಒಂದು ಭಾನುವಾರ ಕೂತು ಕಾಲಂ ತುಂಬಿದೆ. ಇಬ್ಬರು ಟೆಕ್ನಿಷಿಯನ್ನರಲ್ಲಿ ಲಿಂಗಸುಗೂರಿನವನು ಮುಸ್ಲಿಂ, ಅವನಿಗೆ ರಂಜಾನ್, ಬಕ್ರೀದ್, ಮೊಹರಂ. ಸಂತೆಕಲ್ಲೂರಿನವನು ಹಿಂದೂ, ಅವನಿಗೆ ಯುಗಾದಿ, ದೀಪಾವಳಿ. ಹಿರಿಯ ನರ್ಸ್ ಲಿಂಗ ಕಟ್ಟಿಕೊಂಡ ಮನೆತನದವರು, ಅವರಿಗೆ ಶ್ರಾವಣದ ಸೋಮವಾರಗಳು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳುವುದೇನು, ಹೆಸರೇ ಹೇಳುತ್ತದಲ್ಲ ಎಂದುಕೊಂಡೆ. ಚಾರ್ಟ್ ತೂಗುಹಾಕಿದ ದಿನ ಎಲ್ಲರೂ ಬಂದು ನೋಡಿ, "ಭಾಳ ಚಲೋ ಮಾಡೀರಿ ಸಿಸ್ಟರ್" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ವರ್ಷ ಮೊಹರಂನ ಹತ್ತನೆಯ ದಿನ ಬುಧವಾರ ಬಂತು. ಲಿಂಗಸುಗೂರಿನವನಿಗೆ ಮಂಗಳವಾರ, ಬುಧವಾರ ಎರಡೂ ದಿನ ಕೆಂಪು ಬಳಿದೆ. ಆ ಎರಡು ದಿನ ಸಂತೆಕಲ್ಲೂರಿನವನು ಎರಡು ಪಾಳಿಯನ್ನೂ ಮಾಡಬೇಕೆಂದು ನೀಲಿ ಹಸಿರು ಎರಡನ್ನೂ ಬಳಿದೆ. ಅವನು ಚಾರ್ಟ್ ನೋಡಿದ, "ಹೂಂ ರೀ" ಎಂದ, ಯಂತ್ರ ತೊಳೆಯಲು ಹೋದ. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವನ 'ಹೂಂ' ಎಂದರೆ ಒಪ್ಪಿಗೆ ಎಂದೇ ನಾನು ತಿಳಿದಿದ್ದೆ.

ಶುಕ್ರವಾರ ಅವನ ಬಲಗೈ ಮಣಿಕಟ್ಟಿನಲ್ಲಿ ಕೆಂಪು ಹಸಿರು ದಾರ ಕಂಡಿತು. ನಮ್ಮಲ್ಲಿ ಮೊಣಕೈಯಿಂದ ಕೆಳಗೆ ಉಂಗುರ, ಬಳೆ, ದಾರ ಏನೂ ಇರಬಾರದು. ಸೋಂಕು ಅಂಟುವುದೇ ಇಂಥದರಿಂದ.

"ಏನಿದು? ತೆಗೀರಿ" ಎಂದೆ.

"ತೆಗಿಯಂಗಿಲ್ಲ ರೀ, ಇನ್ನೂ ಐದು ದಿನ."

"ಹಂಗಾದ್ರ ಐದು ದಿನ ಸೂಜಿ ಮುಟ್ಟಬ್ಯಾಡ್ರಿ."

ಅವನು ವಾದ ಮಾಡಲಿಲ್ಲ. ಆಚೆ ಹೋಗಿ ಗಂಟು ಸಡಿಲಿಸಿ ದಾರವನ್ನು ಅಂಗಿಯ ತೋಳಿನೊಳಗೆ, ರಟ್ಟೆಗೆ ಏರಿಸಿ ಕಟ್ಟಿಕೊಂಡು ಬಂದ, ಮೊಣಕೈಯವರೆಗೆ ಕೈ ತೊಳೆದು ತೋರಿಸಿದ. ಆಗಲೇ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲಿ ಅವನ ಜೋಡು ಕಾಣಲಿಲ್ಲ ಎಂಬುದನ್ನೂ ಗಮನಿಸಿದೆ. ವಿಭಾಗದ ಒಳಗಿನ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡಿದ್ದ, ಆದರೆ ಹಿಮ್ಮಡಿಯೆಲ್ಲ ಹೊರಗಿನ ಮಣ್ಣು. ಅಯ್ಯಪ್ಪನದೋ ಇನ್ಯಾವುದೋ ವ್ರತವಿರಬೇಕು, ಜುಲೈ ತಿಂಗಳಲ್ಲಿ ಎಂಥ ಅಯ್ಯಪ್ಪ ಎಂದು ಮನಸ್ಸಿನಲ್ಲೇ ಗೊಣಗಿ, ಕಾಲು ತೊಳೆದು ಒಳಗೆ ಬರಬೇಕೆಂದು ತಾಕೀತು ಮಾಡಿದೆ. ಬುದ್ಧಿ ಅಲ್ಲಿಗೇ ನಿಂತಿತು.

ಶನಿವಾರ ಬೆಳಗಿನ ಪಾಳಿಯ ನಾಲ್ಕೂ ಯಂತ್ರ ಹಚ್ಚಿ ಆದ ಮೇಲೆ ಲಿಂಗಸುಗೂರಿನವನು ನನ್ನ ಮೇಜಿನ ಹತ್ತಿರ ಬಂದ. ಇವನು ಬಾಯಿಬಡುಕ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಮಸ್ಕಿಯಲ್ಲಿ ಸಂತೆಕಲ್ಲೂರಿನವನೂ ಹತ್ತುತ್ತಾನೆ, ಇಬ್ಬರೂ ಒಂದೇ ಸೀಟು.

"ಸಿಸ್ಟರ್, ಒಂದು ಮಾತು ಕೇಳ್ಲೇನ್ರಿ? ಮಂಗಳವಾರ ಬುಧವಾರ ನನಗ ಯಾಕ ರಜಾ ಹಾಕೀರಿ?"

"ಯಾಕಂದ್ರ? ಮೊಹರಂ ನಿಮ್ಮದಲ್ಲೇನು?"

ಅವನು ನಕ್ಕ. "ನಮ್ಮ ಮನ್ಯಾಗ ಆ ಎರಡು ದಿನ ರೋಜಾ, ಉಪಾಸ ಇರ್ತೀವ್ರಿ, ಅಷ್ಟ. ರೋಜಾ ಇದ್ದು ಕೆಲಸ ಮಾಡೋದು ನನಗೇನು ಹೊಸಾದಲ್ಲ. ಅಲಾಯಿ ದೇವರ ನಾವು ಕೂಡಸೋದಿಲ್ಲ. ನನಗ ರಜಾ ಕೊಟ್ಟು ಅವಂಗ ಎರಡು ಪಾಳಿ ಹಾಕೀರಲ್ಲ, ದೇವರ ಹಿಡಿಯಾಂವ ಅವ."

"ಯಾರು?"

"ಸಂತೆಕಲ್ಲೂರಿನಾಂವ ರೀ. ಅವರ ಮುತ್ತ್ಯಾನ ಕಾಲದಿಂದ ಅವರ ಮನಿಯವರ ಹಿಡಿತಾರ. ಅವನ ಕೈಯಾಗಿನ ದಾರ ಏನಂದ್ಕೊಂಡೀರಿ? ಅದು ಲಾಡಿ, ಮೊಹರಂದ ಹರಕಿ ದಾರ. ಅವ ಈ ಹತ್ತು ದಿನ ಫಕೀರ ಆಗ್ಯಾನ."

ನಾನು ಕುರ್ಚಿಯಲ್ಲೇ ಕುಗ್ಗಿಹೋದೆ. ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು. ಮೊಹರಂನಲ್ಲಿ ಹಲಗೆಯ ಸದ್ದು ಕ್ಯಾಂಪಿನವರೆಗೂ ಕೇಳುತ್ತದೆ. ಹೆಜ್ಜೆ ಹಾಕುವವರು ಯಾರು, ದೇವರು ಹೊರುವವರು ಯಾರು ಎಂದು ಒಂದು ದಿನವೂ ಹೋಗಿ ನೋಡಿರಲಿಲ್ಲ. ಸರಕಾರಿ ರಜೆಯ ಪಟ್ಟಿಯಲ್ಲಿ ಇದ್ದಂತೆ ನನ್ನ ತಲೆಯಲ್ಲೂ ಇತ್ತು.

ಸಂತೆಕಲ್ಲೂರಿನವನನ್ನು ಕರೆದೆ. ಬಂದು ಕೈಕಟ್ಟಿ ನಿಂತ. ಒಂದೊಂದೇ ಮಾತು ಎಳೆದು ತೆಗೆಯಬೇಕಾಯಿತು. ಅಲಾಯಿ ದೇವರೆಂದರೆ ಕೋಲಿನ ತುದಿಗೆ ಕಟ್ಟಿದ ಲೋಹದ ಹಸ್ತ. ಊರಿನ ಮಸೀದಿಯಲ್ಲಿ ಅದನ್ನು ಕೂಡಿಸುವ ಮುಜಾವರರು ಮುಸಲ್ಮಾನರು, ಎತ್ತಿ ಹಿಡಿಯುವ ಮನೆತನ ಇವನದು. ಇಷ್ಟು ವರ್ಷ ಅಪ್ಪ ಹಿಡಿಯುತ್ತಿದ್ದ. ಮಂಗಳವಾರ ಸಂಜೆ ದೇವರು ಎದ್ದರೆ ಅಲಾಯಿ ಕುಣಿ ಎಂಬ ಗುಂಡಿಯ ಬೆಂಕಿಯ ಸುತ್ತ ಬೆಳಗಾಗುವವರೆಗೆ ಸುತ್ತಬೇಕು, ಬುಧವಾರ ದೇವರನ್ನು ಹಳ್ಳಕ್ಕೆ ಒಯ್ದು ತೊಳೆದು ತರಬೇಕು.

"ಅಪ್ಪಗ ಹೋದ ವರ್ಷ ಲಕ್ವಾ ಹೊಡದೈತ್ರಿ. ಎಡಗಾಲು ಎಳಿತಾನ. ನನಗ ಡ್ಯೂಟಿ ಐತಿ ಅಂದ್ರ, 'ನೀ ಬರಲಿಲ್ಲಂದ್ರ ನಾನ ಹಿಡಿತೀನಿ' ಅಂತ ಹಟ ಹಿಡದು ಕುಂತಾನ. ಕುಣಿ ತುಂಬ ಕೆಂಡ ಇರ್ತೈತ್ರಿ. ಆ ಕಾಲು ಇಟಗೊಂಡು…"

"ಮತ್ತ ನನಗ ಹೇಳಾಕ ಏನಾಗಿತ್ತು?"

ಗೋಡೆಯ ಕಡೆ ನೋಡಿದ. "ಚಾರ್ಟಿನ್ಯಾಗ ನನ್ನ ಹೆಸರಿನ ಮುಂದ ಯುಗಾದಿ ಬರದಿದ್ರಿ. ಮೊಹರಂ ಅವನ ಹೆಸರಿನ ಮುಂದ ಇತ್ತು. ಮೊದಲಿದ್ದ ದವಾಖಾನ್ಯಾಗ ಒಮ್ಮೆ ಕೇಳಿದ್ದೆ ರೀ. 'ನಿಂದ್ಯಾಕೋ ಮೊಹರಂ, ನೀ ಯಾವಾಗ ಟೋಪಿ ಹಾಕ್ದಿ' ಅಂತ ಎಲ್ಲಾರ ಮುಂದ ನಕ್ಕರು. ಅವತ್ತಿನಿಂದ ಕೇಳೋದು ಬಿಟ್ಟೀನ್ರಿ."

ನಿಮ್ಮದೇನು ಬೇರೆ ದಸರಾ ಎಂದವರ ಮುಖ ನನ್ನ ಕಣ್ಣ ಮುಂದೆ ಬಂತು. ಆಮೇಲೆ ಅವರ ಪಕ್ಕದಲ್ಲೇ, ಬಣ್ಣದ ಪೆನ್ನು ಹಿಡಿದ ನನ್ನ ಮುಖವೂ ಬಂತು. ನಾಚಿಕೆಯಾಯಿತು.

"ಬರಿಗಾಲಾಗ ಬರ್ತೀರಿ, ಒಳಗ ಮಾತ್ರ ಚಪ್ಪಲಿ ಹಾಕ್ಕೊಂತೀರಲ್ಲ, ಅದು ನಡಿತೈತೇನು?" ಎಂದು ಕೇಳಿದೆ.

"ಮುಜಾವರರಿಗೆ ಕೇಳ್ದೆ ರೀ. 'ರೋಗಿಗಳ ಸಲುವಾಗಿ ಹಾಕ್ಕೊ, ದೇವರಿಗೆ ತಿಳಿತೈತಿ' ಅಂದ್ರು."

ಮುಜಾವರರು ನನಗಿಂತ ಚೆನ್ನಾಗಿ ಡ್ಯೂಟಿ ಚಾರ್ಟ್ ಹಾಕಬಲ್ಲರು ಎಂದು ಆಗ ಅನ್ನಿಸಿತು.

ರಜೆ ಕೊಟ್ಟುಬಿಡು, ಅದರಲ್ಲೇನಿದೆ ಎಂದು ಓದುವವರಿಗೆ ಅನ್ನಿಸಬಹುದು. ಅಡ್ಡ ಬಂದದ್ದು ನಮ್ಮ ರೋಗಿ, ವಳಕಮದಿನ್ನಿಯ ಅಜ್ಜಿಯೊಬ್ಬಳ ಕೈ. ಡಯಾಲಿಸಿಸ್ ರೋಗಿಗಳಿಗೆ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ, ಅದಕ್ಕೆ ಫಿಸ್ಟುಲಾ ಎನ್ನುತ್ತೇವೆ. ಅದರ ಮೇಲೆ ಬೆರಳಿಟ್ಟರೆ ಝುಂ ಎನ್ನುತ್ತದೆ. ಅಲ್ಲಿ ಎರಡು ದಪ್ಪ ಸೂಜಿ ಹಾಕಬೇಕು, ಒಂದು ರಕ್ತ ಎಳೆಯಲು, ಒಂದು ತಿರುಗಿ ಬಿಡಲು. ಅಜ್ಜಿಯ ಫಿಸ್ಟುಲಾ ತೋಳಿನ ಆಳದಲ್ಲಿತ್ತು, ಸಾಲದ್ದಕ್ಕೆ ನಡುವೆ ಒಂದು ತಿರುವು. ಲಿಂಗಸುಗೂರಿನವನು ಒಮ್ಮೆ, ನರ್ಸ್ ಒಮ್ಮೆ ಹಾಕಲು ಹೋಗಿ ನಾಳ ತೂತಾಗಿ ತೋಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಅಜ್ಜಿಗೆ ಸಂತೆಕಲ್ಲೂರಿನವನೇ ಬೇಕು. ಅಜ್ಜಿಯ ಸರದಿ ಬುಧವಾರ ಮತ್ತು ಶನಿವಾರ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಳ್ಳುವ ಜೀವ ಅದು. ಆ ತೋಳೂ ಕೆಟ್ಟರೆ ಕುತ್ತಿಗೆಗೆ ಕೊಳವೆ ಹಾಕಬೇಕು, ಅದರಿಂದ ಬರುವ ಸೋಂಕನ್ನು ತಡೆಯುವ ಶಕ್ತಿ ಆಕೆಗೆ ಇರಲಿಲ್ಲ.

ಹೀಗೆ ನನ್ನ ಮೇಜಿನ ಮೇಲೆ ಎರಡು ದೇಹ ಬಂದು ಕೂತವು. ಕೆಂಡದ ಕುಣಿಯ ಪಕ್ಕದ ಒಬ್ಬ ಮುದುಕ, ಮಂಚದ ಮೇಲಿನ ಒಬ್ಬ ಮುದುಕಿ. ನಡುವೆ ಒಬ್ಬನೇ ಮನುಷ್ಯ.

ನೀಲಿ, ಹಸಿರು ಅಳಿಸುತ್ತ ಬರೆಯುತ್ತ ಕೂತೆ. ಅಜ್ಜಿಯನ್ನು ಮಂಗಳವಾರದ ಬೆಳಗಿನ ಪಾಳಿಗೆ ತಂದರೆ ಅವನೇ ಸೂಜಿ ಹಾಕಿ, ಪಾಳಿ ಮುಗಿಸಿ, ಹನ್ನೊಂದರ ಬಸ್ಸು ಹಿಡಿದು, ಮಸ್ಕಿಯಿಂದ ಟಂಟಂ ಆಟೋದಲ್ಲಿ ಊರು ಸೇರಬಹುದು. ಮುಂದಿನ ಸರದಿಯನ್ನು ಶನಿವಾರದ ಬದಲು ಶುಕ್ರವಾರ, ಅದರ ಮುಂದಿನದನ್ನು ಮಂಗಳವಾರ ಮಧ್ಯಾಹ್ನ ಮಾಡಿದರೆ ನಡುವೆ ಹೆಚ್ಚು ದಿನ ಬೀಳುವುದಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ನಾಲ್ಕೂ ಯಂತ್ರ ಭರ್ತಿ. ವಾರಕ್ಕೆ ಮೂರು ಸಲ ಬರುವ ಯಾರಾದರೂ ಒಬ್ಬರು ಸೋಮವಾರ ಮಧ್ಯಾಹ್ನ ಖಾಲಿಯಿದ್ದ ಯಂತ್ರಕ್ಕೆ ಬಂದರೆ ಮಾತ್ರ ಇದು ಸಾಧ್ಯ.

ಅಂಥವರು ಒಬ್ಬರೇ, ಮಸ್ಕಿಯ ಅಂಗಡಿಯವರು. ಮಹಾ ಕಿರಿಕಿರಿ ಮನುಷ್ಯ. ಬೆಡ್‌ಶೀಟ್ ಸುಕ್ಕಾದರೂ ದೊಡ್ಡ ಡಾಕ್ಟರಿಗೆ ಫೋನ್ ಮಾಡುವವರು. ಭಾನುವಾರ ಬೆಳಿಗ್ಗೆ ಅವರಿಗೆ ಫೋನ್ ಹಚ್ಚಿದೆ.

"ಸೋಮವಾರ? ಆಗೋದಿಲ್ಲ ಬಿಡ್ರಿ. ಸೋಮವಾರ ನಾವು ಮಲ್ಲಯ್ಯನ ಪೂಜಿ ಮಾಡ್ತೀವಿ. ಮನಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು, ಸಂತೆಕಲ್ಲೂರಿನವನ ಅನುಮತಿ ಮೊದಲೇ ಕೇಳಿದ್ದರಿಂದ, ಕಾರಣ ಹೇಳಿದೆ.

"ಅಲಾಯಿಗೇನ್ರಿ? ಮೊದಲ ಹಂಗ ಹೇಳಬೇಕಿಲ್ಲೇನು. ನಮ್ಮವ್ವ ನನ್ನ ಹೊಟ್ಟ್ಯಾಗ ಇಟಗೊಂಡು ಅಲಾಯಿಗೇ ಹರಕಿ ಹೊತ್ತಿದ್ಲು. ಪೂಜಿ ಮುಂಜಾನೆ ಲಗೂನ ಮುಗಿಸ್ಕೊಂಡು ಬರ್ತೀನಿ. ಮಲ್ಲಯ್ಯ ಏನೂ ಅನ್ನಂಗಿಲ್ಲ." ಫೋನ್ ಇಡುವ ಮೊದಲು, "ಬೆಡ್‌ಶೀಟ್ ಮಾತ್ರ ಚಲೋದು ಹಾಕಸ್ರಿ" ಎಂದರು.

ಅವತ್ತೇ ಹೋಗಿ ಕೇಳಿದರೆ ದೊಡ್ಡ ಡಾಕ್ಟರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ಇವತ್ತು ಇವನು, ನಾಳೆ ಎಲ್ಲರೂ ಕೇಳ್ತಾರಲ್ಲ?" ಎಂದರು. "ಕೇಳ್ಲಿ ಅಂತನ ನಾನೂ ಅನ್ನೋದು ಸರ್. ಕೇಳದಿದ್ದಕ್ಕನ ಇಷ್ಟು ರಾದ್ಧಾಂತ ಆಗಿದ್ದು" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಎರಡು ಷರತ್ತು ಹಾಕಿದರು. ಅವನು ಹೊರಟ ಮೇಲೂ ನಾಲ್ಕು ಯಂತ್ರಕ್ಕೆ ಸೂಜಿ ಬಲ್ಲ ಇಬ್ಬರು ಇರಬೇಕು. ಅಜ್ಜಿಯ ತೋಳಿಗೆ ಏನಾದರೂ ಆದರೆ ಸಂಭಾಳಿಸಲು ಇನ್ನೊಂದು ಕೈ ತಯಾರಿರಬೇಕು. ಎರಡನೆಯದು ನ್ಯಾಯವಾದ ಮಾತು. ಒಬ್ಬನೇ ಮನುಷ್ಯನ ಕೈಗೆ ಒಂದು ಜೀವ ಕಟ್ಟಿಹಾಕಿ, ಮೇಲೆ ಮೂರು ಬಣ್ಣ ಬಳಿದು ಚಾರ್ಟ್ ಎಂದು ಕರೆದವಳು ನಾನೇ. ಅವನಿಗೆ ಜ್ವರ ಬಂದಿದ್ದರೂ ಇದೇ ಗತಿಯಾಗುತ್ತಿತ್ತು.

ಆ ಇನ್ನೊಂದು ಕೈ ನನ್ನದೇ ಆಗಲಿ ಎಂದು ಹಿಂದಿನ ದಿನವೇ ತೀರ್ಮಾನಿಸಿದ್ದೆ. ಅಜ್ಜಿ ಶನಿವಾರ ಮಧ್ಯಾಹ್ನದ ಸರದಿಗೆ ಬಂದಾಗಲೇ ಎಲ್ಲವನ್ನೂ ಹೇಳಿದ್ದೆ. ಅವನು ಆಕೆಯ ತೋಳನ್ನು ದಿಂಬಿನ ಮೇಲಿಟ್ಟು ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದ. ನಾಳ ಎಲ್ಲಿಂದ ಎಲ್ಲಿಗೆ, ಎಲ್ಲಿ ತಿರುವು, ಎಲ್ಲಿ ಸೂಜಿಯನ್ನು ಹೆಚ್ಚು ಇಳಿಜಾರಾಗಿ ಹಿಡಿಯಬೇಕು. "ಕಣ್ಣಿಲೆ ಹುಡುಕಬ್ಯಾಡ್ರಿ ಸಿಸ್ಟರ್. ಕಣ್ಣು ಮುಚ್ಚಿ ಬೆರಳಿಲೆ ಕೇಳ್ರಿ. ಝುಂ ಅನ್ನೋದು ಎಲ್ಲಿ ಸಣ್ಣಾಗ್ತೈತಿ, ಅಲ್ಲಿ ತಿರುವು." ಮೊದಲ ಸೂಜಿ ಅವನು ಹಾಕಿದ. ಎರಡನೆಯದನ್ನು ನಾನು ಹಾಕಿದೆ. ನಾನು ಸೂಜಿ ಹಿಡಿದು ವರ್ಷಗಳೇ ಆಗಿದ್ದವು. ಅಜ್ಜಿ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದಳು. ರಕ್ತ ಕೊಳವೆಗೆ ಬಂದಾಗ ಒಂದು ಕಣ್ಣು ತೆರೆದು, "ಪಾಸ್ ಆದಿ ನಮ್ಮವ್ವ" ಎಂದಳು.

ಮೊದಲ ಷರತ್ತಿಗೆ ಲಿಂಗಸುಗೂರಿನವನಿದ್ದ. ನಾನೇ ಕೊಟ್ಟ ರಜೆಯನ್ನು ನಾನೇ ವಾಪಸ್ ಕೇಳಬೇಕಾಯಿತು. "ನಾನೇನು ಅದನ್ನ ಬೇಡಿದ್ನೇನ್ರಿ? ರೋಜಾ ಇದ್ದಾಗ ಮನ್ಯಾಗ ಕುಂತ್ರ ಹೊತ್ತ ಹೋಗಂಗಿಲ್ಲ" ಎಂದು ಅವನು ಎರಡೂ ದಿನ ಬರಲು ಒಪ್ಪಿದ.

ಅದೇ ಉತ್ಸಾಹದಲ್ಲಿ ನರ್ಸಮ್ಮನನ್ನೂ ಕೇಳಿದೆ, ಶ್ರಾವಣ ಸೋಮವಾರದ ರಜೆಗಳು ಸಾಕೇ ಎಂದು. ಅವರು ಸಂಕೋಚದಿಂದ, "ಅವು ನನಗ ಬ್ಯಾಡ್ರಿ ಸಿಸ್ಟರ್. ದಿನಾ ಮುಂಜಾನೆ ಕಾಲು ತಾಸು ಸಿಕ್ಕರ ಸಾಕು. ಲಿಂಗಪೂಜಿ ಆಗೋತನಕ ನಾ ನೀರು ಕುಡಿಯಂಗಿಲ್ಲ" ಎಂದರು. ಆರು ಗಂಟೆಗೆ ಕೆಲಸಕ್ಕೆ ಬಂದು ಹತ್ತೂವರೆಯ ತನಕ ಒಂದು ಹನಿ ನೀರಿಲ್ಲದೆ ಓಡಾಡಿ, ಆಮೇಲೆ ಸ್ಟೋರ್ ರೂಮಿನ ರಟ್ಟಿನ ಖೋಕಾಗಳ ನಡುವೆ ಕೂತು ಪೂಜೆ ಮಾಡಿಕೊಳ್ಳುತ್ತಿದ್ದರಂತೆ. ಎರಡು ವರ್ಷದಿಂದ. ನನ್ನ ಮೇಜಿನಿಂದ ಸ್ಟೋರ್ ರೂಮಿಗೆ ಎಂಟು ಹೆಜ್ಜೆ.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಬಂದಾಗ ಎಲ್ಲ ಸರಿಯಿತ್ತು, ನೀರೊಂದನ್ನು ಬಿಟ್ಟು. ಡಯಾಲಿಸಿಸ್‌ಗೆ ಅತಿ ಶುದ್ಧ ನೀರು ಬೇಕು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಬೋರ್‌ವೆಲ್ಲಿನ ಗಡಸು ನೀರಿನ ಮೇಲೆ ನಮ್ಮ ಪ್ಲಾಂಟ್ ನಡೆಯುತ್ತಿತ್ತು. ದಿನದ ಪರೀಕ್ಷೆ ಮಾಡಿದ ಸಂತೆಕಲ್ಲೂರಿನವನು ಟ್ಯೂಬ್ ಎತ್ತಿ ತೋರಿಸಿದ. ನೀಲಿಯಾಗಬೇಕಿದ್ದ ನೀರು ಗುಲಾಬಿಯಾಗಿತ್ತು. ಅಂದರೆ ಗಡಸುತನ ತೆಗೆಯುವ ಟ್ಯಾಂಕ್ ಸೋತಿದೆ, ಅದಕ್ಕೆ ಉಪ್ಪುನೀರು ಹಾಯಿಸಿ ತೊಳೆದು ಮತ್ತೆ ತಯಾರು ಮಾಡಬೇಕು. ಒಂದೂವರೆ ತಾಸಿನ ಕೆಲಸ.

ಈ ನೀರಿನಲ್ಲೇ ಹಚ್ಚಿಬಿಡೋಣ ಎಂದು ಅವನು ಹೇಳಬಹುದಿತ್ತು, ಅಥವಾ ಟ್ಯೂಬನ್ನು ನನಗೆ ತೋರಿಸದೆಯೂ ಇರಬಹುದಿತ್ತು. ಆ ದಿನ ಅವನಷ್ಟು ಅವಸರ ಯಾರಿಗಿತ್ತು? ಅವನು ಉಪ್ಪಿನ ಚೀಲ ಹೊತ್ತು ಪ್ಲಾಂಟಿನ ಕೋಣೆಗೆ ಹೋದ. ಅವನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇವತ್ತಿಗೂ ಇದೆ.

ಪರೀಕ್ಷೆಯ ನೀರು ಮತ್ತೆ ನೀಲಿಯಾಗುವಷ್ಟರಲ್ಲಿ ಏಳೂಮುಕ್ಕಾಲು. ಎಂಟೂಕಾಲಿಗೆ ಅವನು ಅಜ್ಜಿಗೆ ಎರಡೂ ಸೂಜಿ ಹಾಕಿ ಯಂತ್ರ ಹಚ್ಚಿದ. ಪಾಳಿ ಮುಗಿಯಲು ಈಗ ಹನ್ನೆರಡೂಕಾಲು ಆಗುತ್ತದೆ, ಹನ್ನೊಂದರ ಬಸ್ಸು ಹೋಗಿರುತ್ತದೆ. ಮುಂದಿನ ಬಸ್ಸು, ಮಸ್ಕಿಯಲ್ಲಿ ಟಂಟಂ ತುಂಬುವವರೆಗೆ ಕಾಯುವುದು, ಊರಲ್ಲಿ ಸ್ನಾನ, ಮಡಿ. ಅವನು ಗಡಿಯಾರ ನೋಡಲಿಲ್ಲ. ನಾನೇ ನೋಡಿದೆ.

ಹತ್ತೂವರೆಗೆ ಅಪ್ಪನ ಫೋನ್ ಬಂತು. ಅವನು ಮೂಲೆಗೆ ಹೋಗಿ, "ಬರ್ತೀನಪ್ಪಾ, ನೀ ಮಾತ್ರ ಏಳಬ್ಯಾಡ, ಕುಂದ್ರು" ಎಂದದ್ದು ನನಗೆ ಕೇಳಿಸಿತು.

"ನೀವು ಹೊರಡ್ರಿ" ಎಂದೆ.

"ಪಾಳಿ ಮುಗಿದಿಲ್ಲ ರೀ."

"ನಾನಿದೀನಿ."

ಅವನು ಅಜ್ಜಿಯನ್ನು ನೋಡಿದ. ಅಜ್ಜಿ ಸೊಂಟದ ಸಂಚಿಯಿಂದ ಒಂದು ಪೊಟ್ಟಣ ತೆಗೆದು ಖಾಲಿಯಿದ್ದ ಕೈಯಿಂದ ಚಾಚಿದಳು. "ಸಕ್ಕರಿ ಅದ. ನನ್ನ ಹೆಸರಿಲೆ ಮುಜಾವರರ ಕಡಿಂದ ದೇವರಿಗೆ ಓದಿಸ್ಕೊಂಡು ಬಾ. ನೀ ಹೋಗೋ ನಮ್ಮಪ್ಪಾ, ನಾ ಎಲ್ಲಿಗೂ ಓಡಿ ಹೋಗಂಗಿಲ್ಲ, ಕಟ್ಟಿ ಹಾಕೀರಲ್ಲ." ಅವನು ಪೊಟ್ಟಣ ಹಣೆಗೆ ಮುಟ್ಟಿಸಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ಪ್ಲಾಸ್ಟಿಕ್ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿದ.

ಅವನು ಹೋಗಿ ಮುಕ್ಕಾಲು ತಾಸಾಗಿರಲಿಲ್ಲ, ಅಜ್ಜಿಯ ಯಂತ್ರ ಕೂಗಿತು. ರಕ್ತ ತಿರುಗಿ ಬಿಡುವ ಕಡೆಯ ಒತ್ತಡ ಏರಿತ್ತು. ಪಟ್ಟಿ ಬಿಚ್ಚಿ ನೋಡಿದರೆ ಸೂಜಿಯ ಸುತ್ತ ಚರ್ಮ ಉಬ್ಬುತ್ತಿದೆ. ಕೆಮ್ಮುವಾಗ ತೋಳು ಎಳೆದುಕೊಂಡಿದ್ದಳಂತೆ. ಲಿಂಗಸುಗೂರಿನವನು ಪಂಪು ನಿಲ್ಲಿಸಿದ, ಕೊಳವೆಗಳ ಬಾಯಿ ಜೋಡಿಸಿ ಒಳಗಿನ ರಕ್ತ ಹೆಪ್ಪುಗಟ್ಟದಂತೆ ಸುತ್ತಲು ಬಿಟ್ಟ. ಇದು ಬಹಳ ಹೊತ್ತು ನಡೆಯುವ ಆಟವಲ್ಲ. ಉಬ್ಬಿದ ಜಾಗದ ಮೇಲ್ಗಡೆ, ಬೇಗ ಹೊಸ ಸೂಜಿ ಹಾಕಬೇಕು.

"ನೀವು ಹಾಕ್ತೀರಾ?" ಎಂದೆ ಅವನಿಗೆ. ನಿಜ ಹೇಳಬೇಕೆಂದರೆ ಬೇಡಿಕೊಂಡೆ.

"ನಾ ಒಮ್ಮೆ ಈ ಕೈ ಕೆಡಿಸೀನ್ರಿ. ಅವ ಕಲಿಸಿದ್ದು ನಿಮಗ. ಹಾಕ್ರಿ ಸಿಸ್ಟರ್, ನಾ ಯಂತ್ರ ಹಿಡಕೊಂಡೀನಿ." ಹೊಟ್ಟೆಗೆ ಏನಿಲ್ಲದ ಅವನ ತುಟಿ ಒಣಗಿತ್ತು, ಕೈ ಮಾತ್ರ ಗಟ್ಟಿಯಾಗಿತ್ತು.

ಅಂದು ಬೆಳಿಗ್ಗೆ ಸಂತೆಕಲ್ಲೂರಿನವನು ಮತ್ತೆ ಎಳೆದಿಟ್ಟಿದ್ದ ಪೆನ್ನಿನ ಗೆರೆ ತೋಳಿನ ಮೇಲಿತ್ತು. ಊತದಿಂದ ಅದು ಒಂದಿಷ್ಟು ಓರೆಯಾಗಿತ್ತು, ಕಣ್ಣನ್ನು ನಂಬುವಂತಿರಲಿಲ್ಲ. ಕಣ್ಣು ಮುಚ್ಚಿದೆ. ಬೆರಳಿನ ಕೆಳಗೆ ಝುಂ ಎಂಬುದು ಬಂತು, ಸಣ್ಣದಾಯಿತು, ಮತ್ತೆ ದೊಡ್ಡದಾಯಿತು. ತಿರುವು ದಾಟಿ ಎರಡು ಬೆರಳು ಮೇಲೆ ಸೂಜಿ ಇಳಿಸಿದೆ. ಒಂದು ಗಳಿಗೆ ಏನೂ ಬರಲಿಲ್ಲ. ಸೂಜಿಯ ಓರೆಯನ್ನು ಕೂದಲೆಳೆಯಷ್ಟು ಬದಲಿಸಿದೆ. ಕೊಳವೆಯಲ್ಲಿ ರಕ್ತ ಕೆಂಪಗೆ ಎದ್ದು ಬಂತು.

ಅಜ್ಜಿ ಲಿಂಗದ ಮೇಲಿನ ಕೈ ತೆಗೆದು ನನ್ನ ಕೆನ್ನೆ ಸವರಿದಳು. ನಾನು ಅತ್ತೆ. ಇನ್‌ಚಾರ್ಜ್ ಅಳಬಾರದು ಎಂದು ಎಲ್ಲೂ ಬರೆದಿಲ್ಲ.

ಸಂಜೆ ಸಂತೆಕಲ್ಲೂರಿನವನಿಗೆ ಮೆಸೇಜ್ ಹಾಕಿದೆ: ಅಜ್ಜಿ ಮನೆ ಮುಟ್ಟಿದಳು, ಚೆನ್ನಾಗಿದ್ದಾಳೆ. ಉತ್ತರಕ್ಕೆ ಒಂದು ಫೋಟೋ ಬಂತು. ಮಸೀದಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತ ಒಬ್ಬ ಮುದುಕ, ಮುಖದಲ್ಲಿ ಸಿಟ್ಟು. ಕೆಳಗೆ ಬರೆದಿದ್ದ: "ಅಪ್ಪ ಕುಂತಾನ್ರಿ."

ಶುಕ್ರವಾರ ಅಜ್ಜಿ ಸರದಿಗೆ ಬಂದಾಗ ಅವನು ಬೊಬ್ಬೆ ಎದ್ದ ಕಾಲುಗಳಲ್ಲಿ ಕುಂಟುತ್ತ, ಓದಿಸಿ ತಂದ ಸಕ್ಕರೆ ಹಂಚಿದ. ಅಜ್ಜಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಉಳಿದದ್ದನ್ನು ಲಿಂಗದ ಸಂಚಿಗೆ ಸೇರಿಸಿದಳು. ಅವನ ರಟ್ಟೆಯ ದಾರ ಹೋಗಿತ್ತು, ಅದರ ಗುರುತು ಇತ್ತು.

ಹಬ್ಬದ ಕಾಲಮ್ಮನ್ನು ಆ ವಾರವೇ ಸ್ಪಿರಿಟ್ ಹಾಕಿ ಒರೆಸಿದೆ. ಅಲ್ಲಿ ಖಾಲಿ ಚೌಕಗಳನ್ನು ಬಿಟ್ಟು, ಪೆನ್ನನ್ನು ದಾರ ಕಟ್ಟಿ ತೂಗುಹಾಕಿದೆ. ಯಾರಿಗೆ ಯಾವ ದಿನ, ಯಾವ ಹೊತ್ತು ಬೇಕೋ ತಾವೇ ಬರೆಯಲಿ, ಕಾರಣ ಬರೆಯಬೇಕಿಲ್ಲ, ಒಬ್ಬರ ಬದಲಿಗೆ ಯಾರು ನಿಲ್ಲುತ್ತಾರೆಂದು ಪಕ್ಕದಲ್ಲಿ ಅವರೇ ಸಹಿ ಹಾಕಲಿ. ಮೊದಲು ಬರೆದವರು ನರ್ಸಮ್ಮ: "ದಿನಾ 7ರಿಂದ 7:15." ಲಿಂಗಸುಗೂರಿನವನು ತನ್ನ ಅಕ್ಕನ ಮಗಳ ಮದುವೆಯನ್ನು ಬರೆದ. ಅದು ಹಬ್ಬವಲ್ಲ ಎಂದು ನಾನು ತಕರಾರು ತೆಗೆಯಲಿಲ್ಲ. ಹೀಗೆ ಮಾಡಿದ್ದರಿಂದ ಗೋಡೆ ಗಲೀಜಾಯಿತು, ಬಣ್ಣಗಳ ಶಿಸ್ತು ಹೋಯಿತು, ಅದಕ್ಕೆ ನನಗೆ ಇವತ್ತಿಗೂ ಒಳಗೊಳಗೇ ಸಂಕಟ. ಎರಡು ಸಲ ಒಂದೇ ದಿನ ಇಬ್ಬರು ಬರೆದು ಜಗಳವೂ ಆಯಿತು.

ದಸರಾ ಹತ್ತಿರ ಬಂತು. ಎಲ್ಲರ ಚೌಕಗಳನ್ನು ನೋಡಿ ಯಂತ್ರಗಳ ಪೂಜೆಯ ದಿನ ಯಾರಿರಬೇಕು, ವಿಜಯದಶಮಿಗೆ ಯಾರಿರಬೇಕು ಎಂದು ಹೊಂದಿಸಿದೆ. ನಮ್ಮ ಸಂಧಿಯ ದೀಪಗಳ ಕತೆಯನ್ನು ಚಹಾ ಕುಡಿಯುವಾಗ ಒಮ್ಮೆ ಇವರಿಗೆಲ್ಲ ಹೇಳಿದ್ದೆ, ಆದರೆ ನನ್ನ ಹೆಸರಿನ ಮುಂದಿನ ಚೌಕ ಖಾಲಿಯೇ ಇತ್ತು. ಇನ್‌ಚಾರ್ಜ್ ಆದವಳೇ ಮೊದಲು ಕೇಳಿದರೆ ಹೇಗೆ ಎಂಬ ಬಿಗುಮಾನವೋ, ಕೇಳಿ ಕೇಳಿ ಸೋತ ಹಳೆಯ ಅಭ್ಯಾಸವೋ, ಕೈಯೇ ಏಳಲಿಲ್ಲ.

ಒಂದು ಮಧ್ಯಾಹ್ನ ಯಂತ್ರ ತೊಳೆಯುತ್ತಿದ್ದ ಸಂತೆಕಲ್ಲೂರಿನವನು ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋದ. ದಾರ ಕಟ್ಟಿದ ಪೆನ್ನು ಹಿಡಿದು ನನ್ನ ಹೆಸರಿನ ಸಾಲಿನಲ್ಲಿ 'ಅಷ್ಟಮಿ' ಎಂದು ಬರೆದ, ಪಕ್ಕದಲ್ಲಿ ತನ್ನ ಸಹಿ ಹಾಕಿದ. ಅದರ ಕೆಳಗೆ ಲಿಂಗಸುಗೂರಿನವನ ಸಹಿ ಆಗಲೇ ಇತ್ತು, ನಾನೇ ನೋಡಿರಲಿಲ್ಲ. ಹೊತ್ತು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಇದು ಕ್ಯಾಲೆಂಡರಿನ್ಯಾಗ ಇಲ್ರಿ ಸಿಸ್ಟರ್. ಈ ಸಲ ಸಂಧಿ ಎಷ್ಟು ಗಂಟೆಗೆ ಬರ್ತೈತಿ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಬಂಗಾಳಿ ಪಂಚಾಂಗಕ್ಕಾಗಿ ಬ್ಯಾಗಿಗೆ ಕೈ ಹಾಕಿದೆ. ಅವನು ಪೆನ್ನು ಹಿಡಿದುಕೊಂಡು ಕಾಯುತ್ತ ನಿಂತಿದ್ದ.